ಡಯಲ್ ಮೇಲಿನ ನಂಬರ್ ಬಿಡಿ, ಮೊದಲು ಗೇಜ್ ಹಾಕಿ

ಸರ್, ಕಾರಿಗೆ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಹಾಕಿ, ಅದರ ಪ್ರೆಶರ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಡಯಲ್ 3ಕ್ಕೆ ಇಟ್ಟರೂ ವೆಬರ್ ಕಾರ್ಬ್ಯುರೇಟರ್ (ಕಾರ್ಬ್) ಓವರ್‌ಫ್ಲೋ ಆಗುತ್ತಿದೆ, ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಸುಮ್ನೆ ಜೆಟ್ ಮುಟ್ಟಬೇಡಿ. ಆ ಡಯಲ್ ನಂಬಿ ನಾನೂ ಕೆಟ್ಟಿದ್ದೇನೆ. ಪ್ರೆಶರ್ ಗೇಜ್ ಹಾಕಿ ನೋಡಿದರೆ ಡಯಲ್ 3ರಲ್ಲಿ ಮುಳ್ಳು 5 ಪಿಎಸ್ಐ (ಪ್ರೆಶರ್ ಅಳತೆ) ದಾಟಿತ್ತು. ಅಷ್ಟರಲ್ಲಿ ಪೆಟ್ರೋಲ್ ಸಿಲಿಂಡರ್ ದಾಟಿ, ಎಂಜಿನ್ ಆಯಿಲ್ ಇರುವ ಸಂಪ್‌ಗೇ ಇಳಿದಿತ್ತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ನೀರಿನ ಹಾಗೆ ತೊಟ್ಟಿಕ್ಕುತ್ತಿತ್ತು, ಮಟ್ಟ ಮ್ಯಾಕ್ಸ್ ಗೆರೆಯ ಮೇಲೆ. ನೀವೂ ಈಗಲೇ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸುವ ತನಕ ಸ್ಟಾರ್ಟ್ ಮಾಡಲೇಬೇಡಿ.

ವೆಬರ್‌ಗೆ 2.5ರಿಂದ 3.5 ಪಿಎಸ್ಐ ಸಾಕು. ಹೋಲಿ ಕಾರ್ಬ್ ಆದರೆ 5ರಿಂದ 7 ತಡೆಯುತ್ತದೆ, ಆ ಲೆಕ್ಕ ಇಲ್ಲಿಗೆ ತರಬೇಡಿ. ರೆಗ್ಯುಲೇಟರ್ ಕೊಳ್ಳುವಾಗಲೂ ಜನ ಎಡವುವುದು ಇಲ್ಲೇ. ಹೋಲಿ ಕಂಪನಿಯದೇ ರೆಗ್ಯುಲೇಟರ್ 12-803 ಶುರುವಾಗುವುದೇ 4.5ರಿಂದ. ನಿಮಗೆ ಬೇಕಿರುವುದು 1ರಿಂದ 4ರ 12-804. ನನಗೆ ಮಲ್ಪಾಸಿ ಫಿಲ್ಟರ್ ಕಿಂಗ್ ರೆಗ್ಯುಲೇಟರ್ ಇನ್ನೂ ಇಷ್ಟ, ಫಿಲ್ಟರೂ ಅದರಲ್ಲೇ ಇರುತ್ತದೆ. ಬೇರೆ ಯಾವುದಾದರೂ ಹಾಕಿದರೆ ಫಿಲ್ಟರ್ ರೆಗ್ಯುಲೇಟರ್‌ಗಿಂತ ಮೊದಲೇ ಬರಬೇಕು.

ಗೇಜ್ ರೆಗ್ಯುಲೇಟರ್ ಮತ್ತು ಕಾರ್ಬ್ ನಡುವೆ ಇರಲಿ. 0–15 ಪಿಎಸ್ಐದ್ದು ತಗೊಳ್ಳಿ, 100ರ ಗೇಜ್‌ನಲ್ಲಿ 3 ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ರೆಗ್ಯುಲೇಟರ್ ಸ್ಕ್ರೂವಿನ ಲಾಕ್ ನಟ್ ಸಡಿಲಿಸಿ, ಕಡಿಮೆ ಪ್ರೆಶರ್‌ನಿಂದ ಮೇಲಕ್ಕೆ ಬನ್ನಿ. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕ್‌ಗೆ ಮರಳಿಸುವ ರಿಟರ್ನ್ ಲೈನ್ ಇಲ್ಲದ ರೆಗ್ಯುಲೇಟರ್‌ನಲ್ಲಿ ಸ್ಕ್ರೂ ಬಿಚ್ಚಿದ ತಕ್ಷಣ ಮುಳ್ಳು ಇಳಿಯುವುದಿಲ್ಲ, ಕಾರ್ಬ್ ಆ ಪೆಟ್ರೋಲ್ ಕುಡಿಯಬೇಕು. ಅಲ್ಲಿ ಅವಸರ ಮಾಡಿ ಇನ್ನೂ ತಿರುಗಿಸಿದಿರೋ, ಆಮೇಲೆ ಕಾರ್ಬ್‌ನೊಳಗೆ ಪೆಟ್ರೋಲ್ ನಿಲ್ಲುವ ಬೌಲ್ ಖಾಲಿ. ಲಿಕ್ವಿಡ್ ತುಂಬಿದ ಗೇಜ್ ಬಿಸಿಯಾದರೆ ಕಡಿಮೆ ತೋರಿಸುತ್ತದೆ, ಬಾನೆಟ್ ಒಳಗೆ ಬೆಂದಿರುವಾಗ ಅದನ್ನು ನೋಡಿ ಪ್ರೆಶರ್ ಏರಿಸಬೇಡಿ.

ಫ್ಯುಯೆಲ್ ಇಂಜೆಕ್ಷನ್ ಕಾರಿನ ಪಂಪ್ ಸಿಕ್ಕಿತು ಅಂತ ಹಾಕಿದ್ದೀರಾ? 40 ಪಿಎಸ್ಐ ದಾಟುವ ಪಂಪನ್ನು ಇಂಥ ಪುಟ್ಟ ರೆಗ್ಯುಲೇಟರ್ ಹಿಡಿಯುವುದಿಲ್ಲ. ರಿಟರ್ನ್ ಲೈನ್ ಇರುವ ಬೈಪಾಸ್ ರೆಗ್ಯುಲೇಟರೇ ಬೇಕು. ರಿಟರ್ನ್ ಪೈಪ್ ಸಣ್ಣದಾದರೆ ಮತ್ತೆ ಪ್ರೆಶರ್ ಏರುತ್ತದೆ.

ನೀವು ಕಳಿಸಿದ ಫೋಟೋದಲ್ಲಿ ಫ್ಲೇರ್ (ಪೈಪ್ ತುದಿ ಅಗಲಿಸಿ ಕೂರಿಸುವ) ಫಿಟ್ಟಿಂಗ್‌ಗೂ ಟೆಫ್ಲಾನ್ ಟೇಪ್ ಸುತ್ತಿದ್ದೀರಲ್ಲ, ಅದನ್ನು ಕಿತ್ತುಹಾಕಿ. ಫ್ಲೇರ್ ಕೂರುವುದೇ ಲೋಹಕ್ಕೆ ಲೋಹ ಒತ್ತಿ. ಟೇಪ್ ಚೂರು, ಕಾರ್ಬ್‌ಗೆ ಬರುವ ಪೆಟ್ರೋಲ್ ತಡೆಯುವ ನೀಡಲ್‌ನ ಸೀಟ್‌ಗೆ ಸಿಕ್ಕಿಕೊಂಡರೆ ಪ್ರೆಶರ್ ಸರಿಯಿದ್ದರೂ ಓವರ್‌ಫ್ಲೋ ನಿಲ್ಲುವುದಿಲ್ಲ. ಗೇಜ್‌ನಲ್ಲಿ ಮೂರಕ್ಕೆ ಇಟ್ಟ ಮೇಲೂ ತೊಟ್ಟಿಕ್ಕಿದರೆ ನೀಡಲ್ ಬಿಚ್ಚಿ, ಅದನ್ನು ಒತ್ತಿ ಮುಚ್ಚುವ ತೇಲುಬುರುಡೆ ಫ್ಲೋಟ್ ಅಲ್ಲಾಡಿಸಿ ನೋಡಿ. ಒಳಗೆ ಪೆಟ್ರೋಲ್ ಕುಲುಕಿದರೆ ಫ್ಲೋಟ್ ತೂತಾಗಿದೆ. ಹಾಗೇ ಪಂಪ್ ವೈರನ್ನು ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ಕೊಡಿ. ಇಗ್ನಿಶನ್ ಆನ್ ಇದ್ದು ಎಂಜಿನ್ ನಿಂತರೆ ಪಂಪ್ ಕೂಡ ನಿಲ್ಲಬೇಕು.