ಸೋರುವ ಶಾಲೆ, ಬಾಂಡ್ ವೋಟು, ಪಕ್ಕದ ಮನೆಯವರ ತೆರಿಗೆ

ಕ್ಯಾಲಿಫೋರ್ನಿಯಾದ ಹಳೇ ಶಾಲಾ ಕಟ್ಟಡಗಳನ್ನು ಹತ್ತಿ ಇಳಿದು ರಿಪೋರ್ಟ್ ಬರೆಯುವುದು ನನ್ನ ಕೆಲಸ. ಚುನಾವಣೆ ಹತ್ತಿರ ಬಂತು ಅಂದರೆ ಇಲ್ಲಿನ ಕನ್ನಡಿಗರಿಂದ ಶಾಲಾ ಬಾಂಡ್ ಬಗ್ಗೆ, ಅಂದರೆ ಶಾಲೆ ರಿಪೇರಿಗೆ ಎತ್ತಿ ಪ್ರಾಪರ್ಟಿ ಟ್ಯಾಕ್ಸಿನಲ್ಲಿ ತೀರಿಸುವ ಸಾಲದ ಬಗ್ಗೆ, ಅವೇ ಪ್ರಶ್ನೆಗಳು ಬರುತ್ತವೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದುಬಿಡುತ್ತೇನೆ.

ಸರ್, ಮೂರು ವರ್ಷದ ಹಿಂದೆ ಈಸ್ಟ್ ಬೇನಲ್ಲಿ ಮನೆ ತಗೊಂಡ್ವಿ. ವರ್ಷಕ್ಕೆ ಹತ್ತೊಂಬತ್ತು ಸಾವಿರ ಡಾಲರ್ ಪ್ರಾಪರ್ಟಿ ಟ್ಯಾಕ್ಸ್. ಆದರೂ ಮಗಳ ಕ್ಲಾಸು ಸೋರುವ ಪೋರ್ಟಬಲ್‌ನಲ್ಲಿ, ಆ ಡಬ್ಬದಂಥ ತಾತ್ಕಾಲಿಕ ಕೋಣೆಯಲ್ಲಿ. ಈಗ ಇನ್ನೊಂದು ಬಾಂಡ್ ಅಂತೆ. ಕಟ್ಟಿದ್ದೆಲ್ಲ ಟೀಚರ್ ಸಂಬಳಕ್ಕೆ ಹೋಯ್ತಾ?

ವಾಟ್ಸಾಪ್ ಗ್ರೂಪಿನಲ್ಲಿ ಹಾಗಂದವರಿಗೆ ಸೊನ್ನೆ ಮಾರ್ಕು. ಬಾಂಡ್ ದುಡ್ಡಿನಲ್ಲಿ ಟೀಚರ್ ಸಂಬಳ ಕೊಡುವ ಹಾಗೇ ಇಲ್ಲ. 2000ದ ಪ್ರಾಪೊಸಿಷನ್ 39ರಲ್ಲೇ, ಅಂದರೆ ರಾಜ್ಯದ ಜನರೇ ವೋಟು ಹಾಕಿ ತಂದ ಕಾನೂನಿನಲ್ಲೇ, ಅದು ಬರೆದಿದೆ. ಅದಕ್ಕೆ ಮುಂಚೆ ಶಾಲಾ ಬಾಂಡ್ ಗೆಲ್ಲಲು ಮೂರರಲ್ಲಿ ಎರಡು ಪಾಲು ವೋಟು ಬೇಕಿತ್ತು. ಅದನ್ನು 55 ಪರ್ಸೆಂಟಿಗೆ ಇಳಿಸಿದರು. ಬದಲಿಗೆ ಏನೇನು ಕಟ್ಟುತ್ತೇವೆ ಅಂತ ಪಟ್ಟಿ ಕೊಡಬೇಕು, ಪ್ರತಿ ವರ್ಷ ಆಡಿಟ್ ಆಗಬೇಕು, ಊರಿನವರದ್ದೇ ಒಂದು ಕಮಿಟಿ ಲೆಕ್ಕ ನೋಡಬೇಕು. ಆ ಕಮಿಟಿಗೆ ಜನ ಸಿಗದೆ ಕುರ್ಚಿ ಖಾಲಿ ಇರೋದನ್ನು ನಾನೇ ನೋಡಿದ್ದೇನೆ. ದೂರು ಹೇಳೋರು ಮಾತ್ರ ಜಾಸ್ತಿ.

ನಿಮ್ಮ ಹತ್ತೊಂಬತ್ತು ಸಾವಿರದಲ್ಲಿ ದೊಡ್ಡ ಭಾಗ ಒಂದು ಪರ್ಸೆಂಟಿನ ಮೂಲ ತೆರಿಗೆ. ಅದು ಕೌಂಟಿ, ಊರು, ಶಾಲೆಯ ದಿನನಿತ್ಯದ ಖರ್ಚಿಗೆ ಹಂಚಿಹೋಗುತ್ತದೆ. ಛಾವಣಿ ಬದಲಿಸಲು ಸಾಲ ಬೇಕು. ಆ ಸಾಲವೇ ಬಾಂಡ್. 2024ರ ನವೆಂಬರ್‌ನಲ್ಲಿ ಪ್ರಾಪೊಸಿಷನ್ 2 ಗೆದ್ದು ರಾಜ್ಯ ಸಾವಿರ ಕೋಟಿ ಡಾಲರ್ ಎತ್ತಲು ಒಪ್ಪಿಗೆ ಸಿಕ್ಕಿತು ನಿಜ. ಆದರೆ ಹಳೇ ಕಟ್ಟಡದ ರಿಪೇರಿಗೆ ರಾಜ್ಯ ನೂರಕ್ಕೆ ಸುಮಾರು 60 ಪಾಲು ಹಾಕಬೇಕಾದರೆ ಉಳಿದದ್ದನ್ನು ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ತರಬೇಕು. ಅದು ನಿಮ್ಮ ವೋಟಿನಿಂದ ಬರಬೇಕು.

ನಿಮ್ಮ ನಿಜವಾದ ಹೊಟ್ಟೆಯುರಿ ಪಕ್ಕದ ಮನೆಯವರ ತೆರಿಗೆ ನೋಡಿ, ಅಲ್ವಾ? 1978ರ ಪ್ರಾಪೊಸಿಷನ್ 13ರ ಪ್ರಕಾರ ಮನೆ ಕೈ ಬದಲಾಗುವವರೆಗೆ ತೆರಿಗೆಯ ಲೆಕ್ಕದ ಬೆಲೆ ವರ್ಷಕ್ಕೆ 2 ಪರ್ಸೆಂಟಿಗಿಂತ ಜಾಸ್ತಿ ಏರುವಂತಿಲ್ಲ. ನಿಮ್ಮ ಮನೆ ಲೆಕ್ಕದಲ್ಲಿ 16 ಲಕ್ಷ ಡಾಲರ್. 1985ರಲ್ಲಿ ಕೊಂಡ ಪಕ್ಕದ ಅಜ್ಜನದ್ದು ಮೂರು ಲಕ್ಷ ಇರಬಹುದು. ಲಕ್ಷಕ್ಕೆ 50 ಡಾಲರಿನ ಬಾಂಡ್ ಅಂದರೆ ವರ್ಷಕ್ಕೆ ನಿಮಗೆ 800, ಅವರಿಗೆ 150. ಶಾಲೆ ಒಂದೇ, ಬೀದಿ ಒಂದೇ. ಅನ್ಯಾಯ ಅನಿಸಿದರೆ ಅನಿಸಲಿ, ಆದರೆ ಆ ಸಿಟ್ಟನ್ನು ಶಾಲೆಯ ಮೇಲೆ ತೀರಿಸಬೇಡಿ. ಯೂನಿಫೈಡ್ ಡಿಸ್ಟ್ರಿಕ್ಟ್‌ನಲ್ಲಿ, ಅಂದರೆ ಪ್ರೈಮರಿಯಿಂದ ಹೈಸ್ಕೂಲ್‌ವರೆಗೆ ಒಟ್ಟಿಗೆ ನಡೆಸುವ ಡಿಸ್ಟ್ರಿಕ್ಟ್‌ನಲ್ಲಿ, ಲಕ್ಷಕ್ಕೆ 60 ಡಾಲರ್ ಮಿತಿ ಇದೆ. ಆ ಮಿತಿ ಒಂದೊಂದು ಬಾಂಡಿಗೂ ಪ್ರತ್ಯೇಕ, ಎಲ್ಲ ಸೇರಿಸಿ ಅಲ್ಲ. ಹಳೇ ಬಾಂಡುಗಳ ಸಾಲುಗಳು ಬಿಲ್ಲಿನಲ್ಲಿ ಹಾಗೇ ಇರುತ್ತವೆ, ಒಮ್ಮೆ ತೆಗೆದು ನೋಡಿ.

ಇನ್ನು ಪೋರ್ಟಬಲ್. 24 ಅಡಿ, 40 ಅಡಿಯ ಡಬ್ಬ. 1996ರಲ್ಲಿ ಕೆಳಗಿನ ತರಗತಿಗಳಲ್ಲಿ ಕೋಣೆಗೆ 20 ಮಕ್ಕಳು ಸಾಕು ಅಂತ ರಾಜ್ಯ ದುಡ್ಡು ಕೊಟ್ಟಾಗ ಕೋಣೆಗಳೇ ಇರಲಿಲ್ಲ. ಆಟದ ಬಯಲಿನಲ್ಲಿ ಇವನ್ನು ಸಾಲಾಗಿ ಇಟ್ಟರು, ‘ಸದ್ಯಕ್ಕೆ’ ಅಂತ. ಕಳೆದ ಮಳೆಗಾಲದಲ್ಲಿ ಅಂಥದ್ದೊಂದರಲ್ಲಿ ಬಾಗಿಲ ಮೂಲೆಗೆ ಹಿಮ್ಮಡಿ ಒತ್ತಿದೆ. ನೆಲ ಇಡ್ಲಿ ಥರ ಕುಗ್ಗಿತು. ಕೆಳಗಿನ ಪ್ಲೈವುಡ್ ಕೊಳೆತಿತ್ತು. ಮೇಲೆ ಸೀಲಿಂಗಿನಲ್ಲಿ ಕಾಫಿ ಲೋಟ ಇಟ್ಟೆದ್ದ ಹಾಗೆ ಕಂದು ಉಂಗುರಗಳು. ಟೀಚರ್ ಒಂದರ ಸುತ್ತ ಹೂವಿನ ಎಸಳು ಬರೆದಿದ್ದರು.

ಹಾಗಂತ ಕಣ್ಣು ಮುಚ್ಚಿ ‘ಯೆಸ್’ ಒತ್ತಿ ಅನ್ನಲ್ಲ. ನಾನು ಮೊದಲು ಪಟ್ಟಿ ನೋಡುತ್ತೇನೆ. ಛಾವಣಿ, ಒಳಚರಂಡಿ, ವೈರಿಂಗ್ ಮುಂದಿದ್ದರೆ ಸರಿ. ಸ್ಟೇಡಿಯಂ ಹುಲ್ಲುಹಾಸೇ ಮೊದಲಿದ್ದರೆ ನನ್ನ ವೋಟು ಇಲ್ಲ. ಆಮೇಲೆ ಸಾಲ ತೀರಿಸುವ ರೀತಿ. ಸ್ಯಾನ್ ಡಿಯಾಗೊ ಕಡೆಯ ಪೊವೇ ಡಿಸ್ಟ್ರಿಕ್ಟ್ 2011ರಲ್ಲಿ ಸುಮಾರು 10.5 ಕೋಟಿ ಡಾಲರ್ ಎತ್ತಿತು. 20 ವರ್ಷ ಕಂತೇ ಇಲ್ಲ ಅಂದರು. ಕೊನೆಗೆ ತೀರಿಸಬೇಕಾದದ್ದು ಸುಮಾರು 98 ಕೋಟಿ! 2013ರ ಕಾನೂನು ಆ ಆಟಕ್ಕೆ ಕಡಿವಾಣ ಹಾಕಿತು. ಆದರೂ ವೋಟರ್ ಗೈಡಿನಲ್ಲಿರುವ ತೆರಿಗೆ ದರದ ಪುಟ ಓದಿ. ಬಣ್ಣದ ಪಾಂಪ್ಲೆಟ್ ಅಲ್ಲ.

ಲಾಟರಿ ದುಡ್ಡು ಶಾಲೆಗೇ ಬರುತ್ತಲ್ಲ, ಅದರಲ್ಲಿ ಕಟ್ಟಬಾರದಾ?

ಆಗಲ್ಲ. ಅದರಲ್ಲಿ ಕಟ್ಟಡ ಕಟ್ಟುವಂತಿಲ್ಲ ಅಂತ ಲಾಟರಿ ಕಾನೂನೇ ಹೇಳುತ್ತದೆ.

ಬಾಂಡ್ ಗೆದ್ದರೆ ಮನೆ ರೇಟು ಏರೋದು ಗ್ಯಾರಂಟಿ ಅಂತ ನಮ್ಮ ಏಜೆಂಟ್ ಹೇಳ್ತಾರೆ.

ಅವರು ಮನೆ ಮಾರೋರು.

ಹಳೇ ಶಾಲೆ, ಭೂಕಂಪ ಬಂದರೆ ಬೀಳುತ್ತಾ?

ಸೋರುವುದಕ್ಕೂ ಬೀಳುವುದಕ್ಕೂ ಸಂಬಂಧ ಕಮ್ಮಿ. 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚ್ ಭೂಕಂಪದಲ್ಲಿ ಸುಮಾರು 70 ಶಾಲೆಗಳು ನೆಲಕಚ್ಚಿದವು. ಮಕ್ಕಳು ಮನೆಗೆ ಹೋಗಿದ್ದರು. ತಿಂಗಳೊಳಗೆ ಫೀಲ್ಡ್ ಆ್ಯಕ್ಟ್ ಬಂತು. ಅಲ್ಲಿಂದ ಸರ್ಕಾರಿ ಶಾಲೆಯ ಪ್ರತಿ ನಕ್ಷೆಯನ್ನೂ ರಾಜ್ಯವೇ ಪರೀಕ್ಷಿಸುತ್ತದೆ. ನಿಮ್ಮ ಮನೆಗಿಂತ ಶಾಲೆ ಗಟ್ಟಿ ಇರಬಹುದು.

ಅತ್ತೆ ಮಾವನಿಗೆ 70 ದಾಟಿದೆ, ಬಾಂಡ್ ತೆರಿಗೆಯಲ್ಲಿ ವಿನಾಯ್ತಿ ಇದೆಯಾ?

ಇಲ್ಲ. ನಿಮ್ಮ ಕಿವಿಗೆ ಬಿದ್ದದ್ದು ಪಾರ್ಸೆಲ್ ಟ್ಯಾಕ್ಸ್ ಸುದ್ದಿ, ಮನೆಯ ಬೆಲೆ ನೋಡದೆ ಒಂದೊಂದು ಜಾಗಕ್ಕೆ ಹಾಕುವ ತೆರಿಗೆ. ಅದು ಬೇರೆ.

ಎಚ್-1ಬಿ ವೀಸಾ ಇರೋರು ಬಾಂಡಿಗೆ ವೋಟ್ ಹಾಕಬಹುದಾ? ತೆರಿಗೆ ಕಟ್ತೀವಲ್ಲ?

ಇಲ್ಲ. ಗ್ರೀನ್ ಕಾರ್ಡ್ ಇದ್ದರೂ ಇಲ್ಲ. ಯಾರೋ ಅಂದರು ಅಂತ ರಿಜಿಸ್ಟರ್ ಮಾಡಿಸಿಕೊಂಡರೆ ದೇಶದಿಂದಲೇ ಹೊರಗೆ ಹೋಗಬೇಕಾದೀತು. ಸ್ಕೂಲ್ ಬೋರ್ಡ್ ಮೀಟಿಂಗಿಗೆ ಹೋಗಿ ಮೈಕ್ ಹಿಡಿಯಲು ಮಾತ್ರ ಯಾರ ಅಪ್ಪಣೆಯೂ ಬೇಡ. ಆ ಸೀಲಿಂಗಿನ ಫೋಟೊ ತೆಗೆದುಕೊಂಡು ಹೋಗಿ.