ತೊಗರಿ ರಾಶಿ ಮುಗಿದ ಮೇಲೆ ನೀಲ್ ದ್ವೀಪಕ್ಕೆ

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಶಹಾಪುರದವರು. ತೊಗರಿ ರಾಶಿ ಮುಗಿದ ಮೇಲೆ, ಫೆಬ್ರುವರಿಯಲ್ಲಿ, ನಾನು ಮತ್ತು ನಮ್ಮ ಯಜಮಾನರು ಬೆನ್ನಿಗೊಂದು ಚೀಲ ಹಾಕಿಕೊಂಡು ಅಂಡಮಾನಿನ ನೀಲ್ ದ್ವೀಪಕ್ಕೆ ಹೋಗಿಬರಬೇಕೆಂದಿದ್ದೇವೆ. ಟೂರ್ ಕಂಪನಿಯವರು ನಾಲ್ಕು ದ್ವೀಪ ತೋರಿಸುತ್ತೇವೆಂದು ಹೇಳುವ ಮೊತ್ತ ನಮ್ಮ ಕೈಗೆ ಎಟಕುವುದಿಲ್ಲ. ನಾವು ಶಾಕಾಹಾರಿಗಳು. ಯಜಮಾನರಿಗೆ ಬಾವಿಯಲ್ಲಿ ಈಜಿ ಗೊತ್ತು, ನನಗೆ ಈಜು ಬರುವುದಿಲ್ಲ. ನಮ್ಮ ಅತ್ತೆಯವರಿಗೆ ಸಮುದ್ರವೆಂದರೆ ಭಯ. ಕಡಿಮೆ ಖರ್ಚಿನಲ್ಲಿ ಹೋಗಿಬರಲು ಸಾಧ್ಯವೇ?
— ಓದುಗರೊಬ್ಬರು, ಶಹಾಪುರ

ಉತ್ತರ: ಖಂಡಿತ ಸಾಧ್ಯ. ನೀವು ಆರಿಸಿದ ತಿಂಗಳೂ ಒಳ್ಳೆಯದು. ಅಲ್ಲಿ ಮೇ ತಿಂಗಳಿನಿಂದ ಹಲವು ತಿಂಗಳು ಮಳೆ ಹಿಡಿದುಕೊಳ್ಳುತ್ತದೆ. ಫೆಬ್ರುವರಿಯಲ್ಲಿ ಆಕಾಶ ತಿಳಿಯಾಗಿ, ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಆದರೆ ನಾಲ್ಕು ದ್ವೀಪಗಳ ಆಸೆಯನ್ನು ಮೊದಲೇ ಬಿಟ್ಟುಬಿಡಿ. ಅಂಡಮಾನಿನಲ್ಲಿ ಹಣ ಕರಗುವುದು ದ್ವೀಪದಿಂದ ದ್ವೀಪಕ್ಕೆ ಓಡಾಡುವುದರಲ್ಲಿ. ಒಂದೇ ಕಡೆ ನಿಂತವರಿಗೆ ಖರ್ಚೂ ಕಡಿಮೆ, ನೋಡುವುದೂ ಹೆಚ್ಚು. ನೀಲ್ ಅದಕ್ಕೆ ಹೇಳಿ ಮಾಡಿಸಿದಷ್ಟು ಚಿಕ್ಕ ದ್ವೀಪ. 2018ರಲ್ಲಿ ಅದಕ್ಕೆ ಶಹೀದ್ ದ್ವೀಪ ಎಂದು ಹೆಸರಿಟ್ಟಿದ್ದಾರೆ, ವಿಮಾನ ಇಳಿಯುವ ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ ಆಗಿದೆ. ಟಿಕೆಟ್ ಮಾಡಿಸುವಾಗ ಎರಡೂ ಹೆಸರುಗಳು ನೆನಪಿರಲಿ.

ಪ್ರಯಾಣವನ್ನು ಯಾದಗಿರಿ ಸ್ಟೇಷನ್‌ನಿಂದಲೇ ಶುರುಮಾಡಿ. ಮುಂಬೈ–ಚೆನ್ನೈ ಮಾರ್ಗ ನಿಮ್ಮ ಜಿಲ್ಲೆಯ ಮೂಲಕವೇ ಹೋಗುವುದರಿಂದ ಸ್ಲೀಪರ್ ಬೋಗಿಯಲ್ಲಿ ಚೆನ್ನೈ ಸೇರಬಹುದು. ಸೆಂಟ್ರಲ್ ಸ್ಟೇಷನ್‌ನಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೋ ಇದೆ. ರೈಲು ತಡವಾಗುವುದು ಹೊಸದೇನಲ್ಲವಾದ್ದರಿಂದ ರೈಲಿಗೂ ವಿಮಾನಕ್ಕೂ ನಡುವೆ ಕನಿಷ್ಠ ಅರ್ಧ ದಿನ ಬಿಡಿ. ಚೆನ್ನೈನಿಂದ ಹಡಗೂ ಇದೆ, ಬಂಕ್ ದರ್ಜೆಯ ದರವೂ ಕಡಿಮೆ. ಆದರೆ ಹೋಗಲು ಸುಮಾರು 3 ದಿನ, ಬರಲು ಮತ್ತಷ್ಟೇ ದಿನ ಬೇಕು, ದಿನವೂ ಹೊರಡುವುದಿಲ್ಲ. ರಜೆ ಎಣಿಸಿ ಹೊರಡುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಶ್ರೀ ವಿಜಯಪುರಂನಿಂದ ನೀಲ್‌ಗೆ ಸರ್ಕಾರಿ ಫೆರಿ ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಟು ಸುಮಾರು 2 ಗಂಟೆಯಲ್ಲಿ ತಲುಪುತ್ತದೆ. ಖಾಸಗಿ ಹಡಗುಗಳು ಇನ್ನೂ ವೇಗವಾಗಿ ಹೋಗುತ್ತವೆ, ಆದರೆ ಒಬ್ಬರಿಗೆ 1,000 ರೂಪಾಯಿಗೂ ಹೆಚ್ಚು ಕೊಡಬೇಕಾಗುತ್ತದೆ. ಸರ್ಕಾರಿ ಟಿಕೆಟ್ ಇದರ ಮುಂದೆ ಬಹಳ ಅಗ್ಗ, ಹಾಗಾಗಿಯೇ ಬೇಗ ಮುಗಿಯುತ್ತದೆ. ಮೊದಲು ವಿಮಾನ, ಆಮೇಲೆ ಫೆರಿ, ಕೊನೆಗೆ ಕೋಣೆ — ಬುಕಿಂಗ್ ಈ ಕ್ರಮದಲ್ಲೇ ಆಗಲಿ. ಮುಖ್ಯವಾಗಿ, ಮರಳುವ ವಿಮಾನದ ಹಿಂದಿನ ದಿನವೇ ನೀಲ್ ಬಿಟ್ಟು ಬಂದುಬಿಡಿ. ಗಾಳಿ ಎದ್ದರೆ ಫೆರಿ ರದ್ದಾಗುತ್ತದೆ. ಆಗ ತಪ್ಪಿದ ವಿಮಾನದ ಹಣ ನೀವು ಕಷ್ಟಪಟ್ಟು ಉಳಿಸಿದ್ದನ್ನೆಲ್ಲ ನುಂಗಿಬಿಡುತ್ತದೆ.

ದ್ವೀಪದಲ್ಲಿ ಎರಡು ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಊರುಗಳ ಹೆಸರು ಬಹುತೇಕ ರಾಮಾಯಣದವು: ಭರತಪುರ ಜೆಟ್ಟಿಯ ಪಕ್ಕದಲ್ಲೇ ಇದೆ, ಸೂರ್ಯೋದಯದ ಸೀತಾಪುರ ಸುಮಾರು 5 ಕಿಲೋಮೀಟರ್, ಸೂರ್ಯಾಸ್ತದ ಲಕ್ಷ್ಮಣಪುರ ಇನ್ನೂ ಹತ್ತಿರ. ಅಲ್ಲಿನ ಗಡಿಯಾರಕ್ಕೆ ಮಾತ್ರ ಹೊಂದಿಕೊಳ್ಳಬೇಕು. ಸಮಯ ನಮ್ಮದೇ ಆದರೂ ದ್ವೀಪ ಬಹಳ ಪೂರ್ವಕ್ಕಿರುವುದರಿಂದ ಶಹಾಪುರಕ್ಕಿಂತ ಸುಮಾರು ಒಂದು ಗಂಟೆ ಮೊದಲೇ ಹೊತ್ತು ಮುಳುಗುತ್ತದೆ. ಫೆಬ್ರುವರಿಯಲ್ಲಿ ಸಂಜೆ 5:30ರ ಸುಮಾರಿಗೆ ಸೂರ್ಯ ಇಳಿದಿರುತ್ತಾನೆ. ಊಟ ಮಾಡಿ ಮಲಗೆದ್ದು ಹೊರಟರೆ ದಿನವೇ ಮುಗಿದಿರುತ್ತದೆ. ಸೈಕಲ್ಲಿಗೆ ಟಾರ್ಚ್ ಇರಲಿ.

ಲಕ್ಷ್ಮಣಪುರದ ಆಚೆ ಬದಿಯಲ್ಲಿ ಹವಳದ ಬಂಡೆ ಕಮಾನಾಗಿ ನಿಂತಿರುವ ಸಹಜ ಸೇತುವೆಗೆ ನೀರು ಇಳಿದಾಗ ಮಾತ್ರ ನಡೆದುಹೋಗಬಹುದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಅದನ್ನು ಕೋಣೆಯ ಮಾಲೀಕರನ್ನು ಕೇಳಿಯೇ ಹೊರಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ. ಭಾರತ ಹುಣ್ಣಿಮೆಯ ಮರುದಿನಗಳಿಗೆ ನಿಮ್ಮ ಪ್ರಯಾಣ ಹೊಂದಿದರೆ ಬಹಳ ಚೆಂದ. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿ: ಕಲ್ಲಿಗೆ ಹುದುಗಿದ ದೊಡ್ಡ ಕಪ್ಪೆಚಿಪ್ಪಿನ ಅಂಚು ನೀಲಿಯಾಗಿ ಅರಳಿರುತ್ತದೆ, ನಿಮ್ಮ ನೆರಳು ಬಿದ್ದೊಡನೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಯಾವ ಟಿಕೆಟ್ಟೂ ಇಲ್ಲ. ಹವಳ ಚೂರಿಯಂತೆ ಕೊಯ್ಯುವುದರಿಂದ ಬರಿಗಾಲಲ್ಲಿ ಹೋಗಬೇಡಿ. ಜೀವಂತ ಹವಳದ ಮೇಲೆ ಕಾಲಿಡಬೇಡಿ. ಸತ್ತ ಹವಳದ ತುಂಡನ್ನೂ ನೆನಪಿಗೆಂದು ಚೀಲಕ್ಕೆ ಹಾಕಬೇಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಊಟಕ್ಕೆ ಚಿಂತೆ ಬೇಡ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಕುಟುಂಬಗಳು ಅಲ್ಲಿ ತರಕಾರಿ ಬೆಳೆಯುತ್ತವೆ, ಆ ತರಕಾರಿ ಬೇರೆ ದ್ವೀಪಗಳಿಗೂ ಹೋಗುತ್ತದೆ. ಬಜಾರಿನ ಸಣ್ಣ ಹೋಟೆಲುಗಳಲ್ಲಿ ಅನ್ನ, ಬೇಳೆ, ಪಲ್ಯದ ಥಾಲಿ ಸಿಗುತ್ತದೆ. ಮೀನು ಬೇಡವೆಂದು ಮೊದಲೇ ಹೇಳಿ. ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಬೆಳಗಿನ ನಾಷ್ಟಾದ ಖರ್ಚೇ ಇರುವುದಿಲ್ಲ. ಒಣ ಕೊಬ್ಬರಿ ಮಾತ್ರ ಇಟ್ಟುಕೊಳ್ಳಬೇಡಿ: ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನದಲ್ಲಿ ಅದಕ್ಕೆ ನಿಷೇಧವಿದೆ.

ನಿಮ್ಮ ಅತ್ತೆಯವರ ಭಯವನ್ನು ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಬಾವಿಯ ನೀರು ನಿಂತಲ್ಲೇ ನಿಂತಿರುತ್ತದೆ. ಕಡಲಿನ ನೀರಿಗೆ ಸೆಳೆತವಿದೆ, ಬಾವಿಯ ಈಜು ಅಲ್ಲಿ ಸಾಲದು. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ನೇರವಾಗಿ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತ ದಾಟಿದ ಮೇಲೆ ತಿರುಗಬೇಕೆಂದು ಯಜಮಾನರಿಗೆ ಈಗಲೇ ಹೇಳಿಡಿ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳೂ ಇರುವುದರಿಂದ ಎಚ್ಚರಿಕೆಯ ಫಲಕವಿರುವಲ್ಲಿ, ಕತ್ತಲಾದ ಮೇಲೆ ಎಲ್ಲಿಯೂ, ನೀರಿಗಿಳಿಯಬೇಡಿ. ನೀವು ಲೈಫ್ ಜಾಕೆಟ್ ಹಾಕಿಕೊಂಡು, ತರಬೇತಾದವರು ಜೊತೆಗಿದ್ದರೆ ಮಾತ್ರ ಭರತಪುರದಲ್ಲಿ ಹವಳ ನೋಡಲು ಇಳಿಯಬಹುದು. ಖರ್ಚು ಹಿಡಿಯುವಾಗ ಈ ಒಂದು ಕಡೆ ಕೈ ಬಿಗಿ ಮಾಡಬೇಡಿ.

ಮೊಬೈಲ್ ಸಿಗ್ನಲ್ ಕೈಕೊಡುವುದುಂಟು, ಫೋನಿನಲ್ಲಿ ಹಣ ಕಳಿಸುವುದು ಎಲ್ಲ ಹೊತ್ತಿನಲ್ಲೂ ಆಗದು. ಹೋಗುವ ಮುನ್ನವೇ ಸಾಕಷ್ಟು ನಗದು ಇಟ್ಟುಕೊಳ್ಳಿ. ಇಬ್ಬರ ಆಧಾರ್ ಕಾರ್ಡೂ ಕೈಯಲ್ಲಿರಲಿ. ಫೆರಿ ಹತ್ತುವ ಮುನ್ನ ಜೆಟ್ಟಿಯಿಂದಲೇ ಅತ್ತೆಯವರಿಗೆ ಫೋನ್ ಮಾಡಿ, ಮುಂದಿನ ಕರೆ ಯಾವ ದಿನ ಬರುತ್ತದೆಂದು ತಿಳಿಸಿಬಿಡಿ.