ಹೊರಹಾಕಿ, ಆದರೆ ಕಾರಣ ಎಲ್ಲರೆದುರು ಬರೆಯಿರಿ

ನಿಮ್ಮ ಪ್ರಶ್ನೆ ಇದು: ಎಂಟುನೂರು ಜನರ ವಾಟ್ಸಾಪ್ ಗುಂಪೊಂದನ್ನು ನಡೆಸುತ್ತಿದ್ದೀರಿ. ಇಬ್ಬರು ಮೂವರು ದಿನವೂ ಕಾಲು ಕೆರೆದು ಜಗಳ ತೆಗೆಯುತ್ತಾರೆ. ತೆಗೆದುಹಾಕಿದರೆ ನೀವು ಸರ್ವಾಧಿಕಾರಿ ಎನ್ನುತ್ತಾರೆ, ಸುಮ್ಮನಿದ್ದರೆ ಒಳ್ಳೆಯವರು ಗುಂಪು ಬಿಟ್ಟು ಹೋಗುತ್ತಾರೆ. ಏನು ಮಾಡಬೇಕು?

ತೆಗೆದುಹಾಕಿ. ಆದರೆ ತೆಗೆದದ್ದು ಯಾರು, ಯಾವ ಮಾತಿಗೆ, ಎಷ್ಟು ದಿನಕ್ಕೆ ಎಂಬುದನ್ನು ಅದೇ ಗುಂಪಿನಲ್ಲಿ ಬರೆಯಿರಿ. ಬರೆಯಲು ಸಂಕೋಚವಾದರೆ ತೆಗೆಯಬೇಡಿ. ಇದನ್ನು ನಾನು ಕಲಿತದ್ದು ಒಬ್ಬರಿಗೆ ಅನ್ಯಾಯ ಮಾಡಿದ ಮೇಲೆ.

ಕೆಲವು ವರ್ಷಗಳ ಹಿಂದೆ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪೊಂದಕ್ಕೆ ನಾವು ನಾಲ್ವರು ನಿರ್ವಾಹಕರಿದ್ದೆವು. ಮಳೆ ಹಿಡಿದರೆ ಅಲ್ಲಿ ಕೊಳೆ ರೋಗದ ಮಾತು ಬಿಟ್ಟು ಬೇರೆ ಮಾತಿಲ್ಲ. ಒಂದು ಜುಲೈಯಲ್ಲಿ ನಮ್ಮಲ್ಲೇ ಒಬ್ಬರು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಬದಲು ಹೊಡೆಯುವ ಹೊಸ ಔಷಧಿಯೊಂದನ್ನು ದಿನಕ್ಕೆರಡು ಸಲ ಹೊಗಳತೊಡಗಿದರು. ಒಬ್ಬ ಸದಸ್ಯರು ಕೇಳಿದರು: ‘ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಜ್ಜನ ಕಾಲದಿಂದ ನಡೆದು ಬಂದಿದೆ. ಇದನ್ನು ಬಿಡಿಸಿದರೆ ಬಾಟಲಿಗೆ ನಿಮಗೆಷ್ಟು ಸಿಗುತ್ತದೆ?’ ಅವರ ಮಾತು ಯಾವಾಗಲೂ ಒರಟು. ಅದಕ್ಕೂ ಮೊದಲೇ ಇಬ್ಬರೊಡನೆ ಜಟಾಪಟಿ ಆಗಿತ್ತು. ಹತ್ತು ನಿಮಿಷದಲ್ಲಿ ಸಂದೇಶ ಮಾಯವಾಯಿತು. ನಿರ್ವಾಹಕರು ಅಳಿಸಿದ್ದಾರೆ ಎಂಬ ಸಾಲು ಉಳಿಯಿತು, ಏಕೆಂಬುದು ಎಲ್ಲಿಯೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಅವರನ್ನೂ ತೆಗೆದಾಗಿತ್ತು. ‘ಒಂದು ಟ್ರೋಲ್ ಕಡಿಮೆಯಾಯಿತು’ ಎಂದು ನಮ್ಮ ನಾಲ್ವರ ಖಾಸಗಿ ಗುಂಪಿನಲ್ಲಿ ಬಂದಾಗ ನಾನೂ ಹೆಬ್ಬೆರಳಿನ ಗುರುತು ಒತ್ತಿದೆ.

ಔಷಧಿ ಹೊಗಳಿದ ನಿರ್ವಾಹಕರಿಗೆ ಅದರ ಮಾರಾಟದಲ್ಲಿ ಪಾಲಿದ್ದದ್ದು ನಿಜವೆಂದು ದೀಪಾವಳಿಯ ಹೊತ್ತಿಗೆ ತಿಳಿಯಿತು. ನಾವು ತೆಗೆದುಹಾಕಿದ ಸದಸ್ಯರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಮರಳಲಿಲ್ಲ. ಅಷ್ಟರಲ್ಲಿ ಗುಂಪಿನಲ್ಲಿ ಯಾರೂ ಯಾರನ್ನೂ ಏನನ್ನೂ ಗಟ್ಟಿಯಾಗಿ ಕೇಳುವುದನ್ನು ಬಿಟ್ಟಿದ್ದರು. ಆ ಮೌನವನ್ನು ನಾನು ನಾಲ್ಕು ತಿಂಗಳು ನೆಮ್ಮದಿ ಎಂದು ತಿಳಿದಿದ್ದೆ.

ಜಗಳಗಂಟನ ಬಳಿ ಇರುವುದು ಬಾಯಿ, ನಮ್ಮ ಬಳಿ ಇರುವುದು ಬೀಗದ ಕೈ. ಮೊದಲು ಅಂಕೆಯಲ್ಲಿ ಇಡಬೇಕಾದದ್ದು ಬೀಗದ ಕೈಯನ್ನು. ಇದು ಕೆಲಸ ಮಾಡುವ ಬಗೆ ನೋಡಬೇಕಾದರೆ ವಿಕಿಪೀಡಿಯ ನೋಡಿ. ಅಲ್ಲಿ ಯಾರನ್ನಾದರೂ ತಡೆಹಿಡಿದರೆ ತಡೆದವರ ಹೆಸರು, ಸಮಯ, ಅವಧಿ, ಕಾರಣ ಎಲ್ಲವೂ ಯಾರು ಬೇಕಾದರೂ ಓದಬಹುದಾದ ದಾಖಲೆಯಲ್ಲಿ ಬೀಳುತ್ತವೆ; ಇನ್ನೊಬ್ಬ ನಿರ್ವಾಹಕರು ಅದನ್ನು ರದ್ದು ಮಾಡಬಹುದು. ಇಂಗ್ಲಿಷ್ ಆವೃತ್ತಿಯಲ್ಲಿ, ತಾನೇ ಒಂದು ಪಕ್ಷವಾಗಿರುವ ಜಗಳದಲ್ಲಿ ನಿರ್ವಾಹಕ ತನ್ನ ಅಧಿಕಾರ ಬಳಸಬಾರದು ಎಂಬ ನಿಯಮವಿದೆ. ನಮ್ಮ ಗುಂಪಿನಲ್ಲಿ ಈ ಒಂದು ನಿಯಮ ಇದ್ದಿದ್ದರೂ ಸಾಕಿತ್ತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಮುದಾಯದ ಚರ್ಚೆ ನಡೆಯುವ ಪುಟದ ಹೆಸರೇ ಅರಳಿ ಕಟ್ಟೆ. ಊರ ಕಟ್ಟೆಯಲ್ಲಿ ಆಡಿದ ಮಾತನ್ನು ಊರೆಲ್ಲ ಕೇಳುತ್ತದೆ ಎಂಬ ಅರ್ಥ ಅದರಲ್ಲಿದೆ, ಆ ಹೆಸರು ನನಗೆ ಬಹಳ ಇಷ್ಟ.

ಆದರೆ ದಾಖಲೆ ಇದ್ದ ಮಾತ್ರಕ್ಕೆ ಸಾಲದು. ಕ್ರೊಯೇಷಿಯಾ ಭಾಷೆಯ ವಿಕಿಪೀಡಿಯದಲ್ಲಿ ಇದೇ ಏರ್ಪಾಡು ಇತ್ತು. ಆದರೂ ಒಂದೇ ಮನೋಭಾವದ ಕೆಲವು ನಿರ್ವಾಹಕರು ವರ್ಷಗಟ್ಟಲೆ ಅದನ್ನು ಕೈವಶ ಮಾಡಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಬೆಂಬಲದಿಂದ ನಡೆದ ಉಸ್ತಾಶಾ ಆಡಳಿತದ ಕ್ರೌರ್ಯವನ್ನು ತೆಳುಗೊಳಿಸಿ ಬರೆದರು, ಆಕ್ಷೇಪಿಸಿದವರನ್ನು ತಡೆಹಿಡಿದರು, ನಕಲಿ ಖಾತೆಗಳನ್ನು ಬಳಸಿ ಮತದಾನವನ್ನೇ ಕೆಡಿಸಿದರು. 2013ರಲ್ಲಿ ಅಲ್ಲಿನ ಶಿಕ್ಷಣ ಸಚಿವರೇ ವಿದ್ಯಾರ್ಥಿಗಳಿಗೆ ಅದನ್ನು ನಂಬಬೇಡಿ ಎಂದು ಹೇಳಬೇಕಾಯಿತು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಮಾಡಿಸಿದ ಪರಿಶೀಲನೆಯ ವರದಿ ಬಂದದ್ದು 2021ರಲ್ಲಿ. ಅಷ್ಟು ವರ್ಷ ಎಲ್ಲವೂ ದಾಖಲೆಯಲ್ಲಿ ಇತ್ತು, ಓದಿ ತಡೆಯಬೇಕಾದವರು ಮಾತ್ರ ಅದೇ ಕೂಟದವರು. ಆದ್ದರಿಂದ ನಿರ್ವಾಹಕರನ್ನು ಸ್ನೇಹಿತರ ಬಳಗದಿಂದಲೇ ಆರಿಸಬೇಡಿ. ನಿಮ್ಮೊಡನೆ ಒಮ್ಮೆಯಾದರೂ ಜೋರಾಗಿ ವಾದ ಮಾಡಿದವರೊಬ್ಬರು ಇರಲಿ. ಹೊರಬಿದ್ದವರು ಮೇಲ್ಮನವಿ ಮಾಡಿಕೊಳ್ಳುವುದು ಅವರಲ್ಲಿ.

ನಿಮ್ಮ ಆ ಇಬ್ಬರು ಮೂವರ ವಿಷಯ. ಅವರು ವ್ಯಕ್ತಿಯನ್ನು ಹೀಯಾಳಿಸುತ್ತಿದ್ದಾರೋ, ಕಹಿಯಾದ ಪ್ರಶ್ನೆ ಕೇಳುತ್ತಿದ್ದಾರೋ ನೋಡಿ. ಪ್ರಶ್ನೆಯಾದರೆ ದನಿ ಎಷ್ಟೇ ಒರಟಿದ್ದರೂ ಉತ್ತರ ಕೊಡಿ. ಹೀಯಾಳಿಕೆಯಾದರೆ ಒಂದು ಎಚ್ಚರಿಕೆ, ಆಮೇಲೆ ಏಳು ದಿನ ಹೊರಗೆ, ಮತ್ತೆ ಒಳಗೆ. ಬೈಸಿಕೊಂಡವರೇ ಶಿಕ್ಷೆ ಕೊಡಬಾರದು. ಬೆದರಿಕೆ ಅಥವಾ ಹೆಣ್ಣುಮಕ್ಕಳಿಗೆ ಅಶ್ಲೀಲ ಸಂದೇಶ ಬಂದಾಗ ಈ ಏಳು ದಿನದ ಲೆಕ್ಕ ಬೇಡ: ಸ್ಕ್ರೀನ್‌ಶಾಟ್ ತೆಗೆದಿಟ್ಟು ಆ ಕ್ಷಣವೇ ತೆಗೆದುಹಾಕಿ, ಆಕೆ ಸೈಬರ್ ಅಪರಾಧದ ದೂರು ಕೊಡುವುದಾದರೆ ಜೊತೆಗೆ ನಿಲ್ಲಿ.

ಈಗ ನಾನಿರುವ ಗುಂಪು ಚಿಕ್ಕದು. ಕಳೆದ ಮಳೆಗಾಲದಲ್ಲಿ ಅಲ್ಲಿ ಹಾಕಿದ ಒಂದು ಸಾಲು ಹೀಗಿತ್ತು: ‘ಒಬ್ಬ ಸದಸ್ಯರ ಜಾತಿ ಹಿಡಿದು ಬೈದದ್ದಕ್ಕೆ, ಎಚ್ಚರಿಸಿದ ಮೇಲೂ ಮುಂದುವರಿಸಿದ್ದಕ್ಕೆ, ಇವರನ್ನು ಏಳು ದಿನ ಹೊರಗಿಟ್ಟಿದ್ದೇನೆ. ತಪ್ಪೆನಿಸಿದರೆ ಇಲ್ಲಿಯೇ ಹೇಳಿ.’ ಇಬ್ಬರು ತಪ್ಪೆಂದರು, ಸಂಜೆಯವರೆಗೆ ವಾದವಾಯಿತು. ಎಂಟನೆಯ ದಿನ ಅವರನ್ನು ನಾನೇ ಸೇರಿಸಿದೆ. ಬೈಸಿಕೊಂಡವರ ಕ್ಷಮೆ ಕೇಳಿದರು, ಆಮೇಲೆ ಒಳ್ಳೆಯ ಸುಣ್ಣ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು.